ಸೋರುತ್ತೆ ಅಂದವನ ಪಾಡು

ಮಕ್ಕಳನ್ನು ಶಾಲೆಗೆ ಸೇರಿಸಿದರೆ ಮಕ್ಕಳು ಏನು ಕಲಿಯುತ್ತಾರೋ ಬಿಡುತ್ತಾರೋ, ಅಪ್ಪಂದಿರು ಮಾತ್ರ ಬೇಡುವುದನ್ನು ಕಲಿತೇ ಕಲಿಯುತ್ತಾರೆ. ದಾವಣಗೆರೆಯ ಹತ್ತಿ ಮಂಡಿಯಲ್ಲಿ ನಾನು ಗುಮಾಸ್ತ. ಬಿಡುವಿದ್ದಾಗ ಶಾಲೆಗೆ ಚಂದಾ ಎತ್ತುತ್ತಿದ್ದವನು, ಕೊನೆಗೆ ಚಂದಾ ಎತ್ತಿ ಬಿಡುವಾದರೆ ಮಂಡಿಗೆ ಹೋಗುವವನಾದೆ. ಇಂಥವನಿಗೆ ಪ್ರಸಂಗಗಳಿಗೇನು ಬರ, ವಾರಕ್ಕೊಂದು ಗ್ಯಾರಂಟಿ.

೧. ಬಾಯಿ ಬಿಟ್ಟ ದಿನ

ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಮಳೆ ಬಂದ ದಿನವೆಲ್ಲ ಒದ್ದೆ ತಲೆಯಲ್ಲಿ ಮನೆಗೆ ಬರುತ್ತಿದ್ದ. ಹೊರಗೆ ನೆನೆದದ್ದಲ್ಲ, ಕ್ಲಾಸಿನೊಳಗೆ. ಪೋಷಕರ ಸಭೆಯಲ್ಲಿ ಎದ್ದು ನಿಂತು, "ಮೇಷ್ಟ್ರೇ, ಸೂರು ಸೋರ್ತೈತೆ" ಅಂದೆ.

ಹೆಡ್‌ಮಾಸ್ತರರು ಎರಡೂ ಕೈ ಮುಗಿದರು. "ಇಂಥ ಕಾಳಜಿ ಇರೋರೇ ನಮಗ ಬೇಕಾಗಿತ್ರಿ. ಹೆಂಚಿನ ಚಂದಾ ಎತ್ತೋ ಜವಾಬ್ದಾರಿ ಇವರದೇ" ಎಂದು ರಸೀದಿ ಪುಸ್ತಕವನ್ನು ನನ್ನ ಕೈಗಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಅಲ್ಲಿದ್ದ ಎಲ್ಲರ ಮಕ್ಕಳೂ ನೆನೆಯುತ್ತಿದ್ದವು, ಬಾಯಿ ಬಿಟ್ಟವನು ನಾನೊಬ್ಬ.

ಪಕ್ಕದಲ್ಲಿ ಕೂತಿದ್ದ ಜವಳಿ ಅಂಗಡಿಯವನು ಕಿವಿಯ ಹತ್ತಿರ ಬಂದು, "ಅದು ಸೋರೋದು ನನಗ ಮೂರು ವರ್ಷದಿಂದ ಗೊತ್ತೈತ್ರಿ. ಅದಕ್ಕೇ ಮಗನಿಗೆ ಛತ್ರಿ ಕೊಡಿಸೀನಿ" ಅಂದ.

೨. ನಾಳೆ ಬರ್ರಿ

ಹೆಂಚಾಯಿತು. ಆಮೇಲೆ ಬೆಂಚು. ಬೆಂಚಾದ ಮೇಲೆ ಗಂಟೆ, ಗಂಟೆಯಾದ ಮೇಲೆ ಅದನ್ನು ತೂಗುಹಾಕಲು ಕಂಬ. "ಹೆಂಗೂ ಮನೆಮನೆಗೆ ಹೋಗ್ತೀರಲ್ಲ" ಎಂದು ಓಣಿಯ ಭಜನಾ ಮಂಡಳಿಯವರು, ವಾಚನಾಲಯದವರು ತಮ್ಮ ತಮ್ಮ ರಸೀದಿ ಪುಸ್ತಕಗಳನ್ನೂ ನನ್ನ ಚೀಲಕ್ಕೇ ತುರುಕಿದರು.

ನಮ್ಮ ಪೇಟೆಯವರು ಮರ್ಯಾದಸ್ಥರು. ಯಾರೂ ಬಾಯಿ ಬಿಟ್ಟು ಇಲ್ಲ ಅನ್ನುವುದಿಲ್ಲ, "ನಾಳೆ ಬರ್ರಿ" ಅನ್ನುತ್ತಾರೆ. ಕಟ್ಟೆಯ ಮೇಲೆ ಮಂಡಕ್ಕಿ ಮೆಲ್ಲುತ್ತ ಹರಟುತ್ತಿದ್ದವರು ನನ್ನ ನೆರಳು ಕಂಡರೆ ಪೊಟ್ಟಣ ಮಡಚಿಕೊಂಡು ಏಳುತ್ತಿದ್ದರು. ಮೊದಮೊದಲು ನನಗೂ ನಗು ಬರುತ್ತಿತ್ತು. ಮಗಳು ಮದುವೆ ವಯಸ್ಸಿಗೆ ಬಂದ ಮೇಲೆ ನಗು ನಿಂತಿತು. ಹೆಣ್ಣು ಹೆತ್ತವನು ಒಂದಲ್ಲ ಒಂದು ದಿನ ಬೇರೆಯವರ ಬಾಗಿಲು ತಟ್ಟಲೇಬೇಕು. ನಾನು ತಟ್ಟಿದರೆ ತೆರೆಯುವ ಬಾಗಿಲೇ ಊರಿನಲ್ಲಿ ಉಳಿದಿರಲಿಲ್ಲ.

ಒಂದು ದಿನ ಮನೆಗೆ ಸಕ್ಕರೆ ಬೇಕಾಗಿತ್ತು. ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಸಾಹುಕಾರರು "ನಾಳೆ ಬರ್ರಿ" ಅಂದರು.

"ಸಕ್ಕರೆ ಬೇಕಾಗಿತ್ರಿ" ಅಂದೆ.

ಸಾಹುಕಾರರು ಹಣೆ ಹಣೆ ಬಡಿದುಕೊಂಡರು. "ದುಡ್ಡು ಸಾಲದೂ ಅಂತ ಈಗ ಸಕ್ಕರೇನೂ ಎತ್ತಾಕ ಹತ್ತೀರೇನ್ರಿ?"

೩. ಹೌಸ್‌ಫುಲ್

ಶಾಲೆಯ ಕಾಂಪೌಂಡಿಗಾಗಿ ಸಹಾಯಾರ್ಥ ನಾಟಕ. ಊರಲ್ಲಿ ಬೀಡುಬಿಟ್ಟಿದ್ದ ಕಂಪನಿಯವರು ಒಂದು ಆಟ ಕೊಡಲು ಒಪ್ಪಿದರು. ಟಿಕೆಟ್ ಮಾರುವವನು ಯಾರೆಂದು ಬೇರೆ ಹೇಳಬೇಕಿಲ್ಲ. ಜನ ಆ ಸಲ ನಾಳೆ ಬಾ ಅನ್ನದೆ ಕೊಂಡುಕೊಂಡರು, ಆದರೆ ಎಲ್ಲರದೂ ಒಂದೇ ಷರತ್ತು: "ದುಡ್ಡು ತಗೊಳ್ರಿ. ಬಂದು ನೋಡ್ರಿ ಅಂತ ಮಾತ್ರ ಅನಬ್ಯಾಡ್ರಿ. ಈ ವರ್ಷ ಇದು ಐದನೇದು."

ಟಿಕೆಟ್ಟೆಲ್ಲ ಖರ್ಚಾಯಿತು. ಹೊರಗೆ ಹೌಸ್‌ಫುಲ್ ಬೋರ್ಡು ಹಾಕಿದರು. ಒಳಗೆ ನಾನು, ಹೆಂಡತಿ, ಮಕ್ಕಳು, ಹೆಡ್‌ಮಾಸ್ತರರು. ಪರದೆ ಎದ್ದಿತು. ದುರ್ಯೋಧನ ಗದೆ ಎತ್ತಿ "ಎಲೈ ಸಭಾಸದರೇ" ಎಂದು ಗರ್ಜಿಸಿದವನು ಎದುರಿನ ಬೆಂಚುಗಳನ್ನು ನೋಡಿ ಗದೆ ಕೆಳಗಿಟ್ಟ.

ಮ್ಯಾನೇಜರು ಬಂದು ನನ್ನ ಪಕ್ಕ ಕೂತರು. "ಸ್ವಾಮಿ, ನಷ್ಟದಾಗ ಖಾಲಿ ಥೇಟರು ಬೇಕಾದಷ್ಟು ನೋಡೀನಿ. ಲಾಭದಾಗ ಖಾಲಿ ನೋಡಿದ್ದು ಇವತ್ತೇ."

೪. ರಾಜೀನಾಮೆ

"ಹರಿಹರದಾಗ ಒಳ್ಳೇ ಸಂಬಂಧ ಐತಂತೆ. ಹುಡುಗ ಕಾರ್ಖಾನೆಯಾಗ ಫಿಟ್ಟರು. ಮೊದಲು ಆ ರಸೀದಿ ಪುಸ್ತಕ ಒಗೆದು ಬರ್ರಿ" ಎಂದಳು ಹೆಂಡತಿ. ಅವಳು ಹೇಳಿದ್ದು ಸರಿಯಾಗಿತ್ತು. ಕೂತು ರಾಜೀನಾಮೆ ಬರೆದೆ. ಸವೆದ ಚಪ್ಪಲಿ, ದೂರವಾದ ಸ್ನೇಹಿತರು, ಸೋರುತ್ತಿದ್ದ ಶಾಲೆ, ನೆನೆಯುತ್ತಿದ್ದ ಮಕ್ಕಳು, ಹೊಟ್ಟೆಯುರಿಯನ್ನೆಲ್ಲ ಕಾರಿಕೊಂಡೆ. ಕೊನೆಯ ಸಾಲಿನಲ್ಲಿ ನನ್ನನ್ನು ಬಿಟ್ಟುಬಿಡಿ ಎಂದು ಕೈ ಮುಗಿದೆ.

ಹೆಡ್‌ಮಾಸ್ತರರು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಿಡುಗಡೆಯಾಯಿತು ಅಂದುಕೊಂಡೆ.

"ಎಂಥಾ ಬರವಣಿಗೆ ರೀ! ಓದಿದೋರ ಕರುಳು ಚುರುಕ್ ಅಂತೈತೆ. ಕೊನೇ ಸಾಲೊಂದು ತೆಗೆದು ಹಂಗೇ ಅಚ್ಚು ಹಾಕಿಸೋಣ. ಅರ್ಧಕ್ಕೆ ನಿಂತಿರೋ ಕಾಂಪೌಂಡಿನ ಮನವಿಪತ್ರಕ್ಕೆ ಇದಕ್ಕಿಂತ ಬೇಕೇನ್ರಿ?"

೫. ಹರಿಹರದ ಸಂಬಂಧ

ಹುಡುಗನ ಅಪ್ಪನಿಗೆ ಹರಿಹರದಲ್ಲಿ ಎಣ್ಣೆ ವ್ಯಾಪಾರ. ಅಲ್ಲಿನ ಬಜಾರನ್ನೂ ನಾನು ಚಂದಾಕ್ಕೆಂದು ಎರಡು ಸಲ ಸೋಸಿದ್ದೆ ಎನ್ನುವುದು ಬಸ್ಸು ಹತ್ತುವಾಗ ನೆನಪಾಗಲಿಲ್ಲ. ಭಾನುವಾರ ಹೋದರೆ ಪಡಸಾಲೆಯಲ್ಲಿ ಯಾರೂ ಇಲ್ಲ. ತೂಗುಮಣೆ ಮಾತ್ರ ಇನ್ನೂ ತೂಗುತ್ತಿತ್ತು, ಪಕ್ಕದಲ್ಲಿ ಚಹಾ ಹೊಗೆಯಾಡುತ್ತಿತ್ತು. "ಯಜಮಾನ್ರು ಊರಾಗಿಲ್ರಿ, ಹೋಗಿ ಎಂಟು ದಿನ ಆತು" ಎಂದು ಒಳಗಿನಿಂದ ದನಿ ಬಂತು.

ಮುಂದಿನ ಭಾನುವಾರ ಹೆಂಡತಿಯನ್ನು ಕರೆದುಕೊಂಡು, ತಟ್ಟೆಯಲ್ಲಿ ಕಾಯಿ, ಹಣ್ಣು, ಹೂವು ಇಟ್ಟುಕೊಂಡು ಹೋದೆ. ದೇವರು ದೊಡ್ಡವನು. ಯಜಮಾನರು ಕ್ಷೌರಕ್ಕೆ ಕೂತಿದ್ದರು, ಒಂದೇ ಕೆನ್ನೆ ಮುಗಿದಿತ್ತು. ಓಡುವ ಹಾಗಿರಲಿಲ್ಲ. ಸೋಪಿನ ಮುಖದಲ್ಲೇ ಸೊಂಟದ ಚೀಲಕ್ಕೆ ಕೈಹಾಕಿ ಐದು ರೂಪಾಯಿ ತೆಗೆದು ನಮ್ಮ ತಟ್ಟೆಗೆ ಹಾಕಿದರು. "ಇಷ್ಟೇ ಆಗೋದು. ರಸೀದಿ ಬ್ಯಾಡ, ಹೋಗಿ ಬರ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿಯೇ ಮುಂದೆ ಬಂದು, "ಅಣ್ಣಾರೇ, ನಾವು ಕೇಳಾಕ ಬಂದಿಲ್ರಿ. ಮಗಳನ್ನ ಕೊಡಾಕ ಬಂದೀವಿ" ಅಂದಳು.

"ಕೊಡಾಕ ಬಂದೀರಾ? ಇವರು ಕೊಡಾಕೂ ಬರ್ತಾರಾ?" ಎಂದು ನನ್ನ ಕಡೆ ಕೈ ತೋರಿಸಿದರು. "ಕೂಡ್ರಿ ಕೂಡ್ರಿ."

ಮುಂದಿನ ವಾರ ಅವರು ನಮ್ಮ ಮನೆಗೆ ಬಂದರು. ಹುಡುಗಿ ಒಪ್ಪಿಗೆಯಾದಳು, ಹುಡುಗನೂ ಮಗಳಿಗೆ ಒಪ್ಪಿಗೆ. ಉಳಿದಿದ್ದು ಕೊಡುವ ಬಿಡುವ ಮಾತು. ನಾನೇ ಬಾಯಿ ಬಿಟ್ಟು ಕೇಳಿದೆ.

"ಒಂದು ನಯಾಪೈಸೆ ಬ್ಯಾಡ್ರಿ" ಅಂದರು ಬೀಗರು. ನನಗೆ ಕಣ್ಣು ತುಂಬಿ ಬಂತು. ಅಂಥ ಮನುಷ್ಯನ ಬಾಗಿಲಿಗೆ ರಸೀದಿ ಪುಸ್ತಕ ಹಿಡಿದು ಹೋಗಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಒಂದೇ ಒಂದು ಮಾತು" ಎಂದು ಅವರು ಮಣೆ ಹತ್ತಿರಕ್ಕೆ ಎಳೆದುಕೊಂಡರು. "ನಮ್ಮ ಓಣಿ ಶಾಲೆ ಕಮಿಟಿಗೆ ನಾನೇ ಅಧ್ಯಕ್ಷ. ಚಂದಾ ಎತ್ತೋರು ಒಬ್ಬರೂ ಸಿಗವಲ್ರು. ಇದ್ದೊಬ್ಬ ವರ್ಗ ಮಾಡಿಸ್ಕೊಂಡು ಓಡಿಹೋದ. ಒಂದು ಸಲ ಓಡಿಸಿದ್ರೂ ಮತ್ತೆ ಬಂದು ಹಿಡಿಯೋ ನಿಮ್ಮಂಥ ಮನುಷ್ಯ ನಮಗ ಬೇಕ್ರಿ. ವಾರಕ್ಕೊಮ್ಮೆ ಹರಿಹರಕ್ಕೆ ಬಂದ್ರೆ ಸಾಕು."

ಬಾಗಿಲ ಮರೆಯಿಂದ ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಹೂಂ ಅಂದೆ.

ಬೀಗರು ಬಸ್ಸು ಹತ್ತಿ ಹೋದ ಮೇಲೆ ಹೆಂಡತಿ ಎಲೆ ಅಡಿಕೆ ತಟ್ಟೆ ಎತ್ತಿಡುತ್ತ ಹೇಳಿದಳು: "ಮಗಳೊಬ್ಬಳನ್ನ ಕಳಿಸಿದ್ರೆ ಆತು ಅನ್ಕೊಂಡಿದ್ದೆ. ನಿಮ್ಮನ್ನೂ ಧಾರೆ ಎರೆದು ಕೊಡಬೇಕಾತಲ್ಲ!"