ಮಾವನ ಹೂಂ

ಎಲ್ಲ ಎಡವಟ್ಟಿಗೂ ಕಾರಣ ಕಡಲೆಕಾಳಿನ ಗಾತ್ರದ ಒಂದು ಬ್ಯಾಟರಿ. ನಮ್ಮ ಎಂಜಿನಿಯರ್ ರೂಪಿಸಿದ ಶ್ರವಣಯಂತ್ರದ ಚಿಪ್, ಬೆಳಿಗ್ಗೆ ಕಿವಿಗೆ ಹಾಕಿದರೆ ಊಟದ ಹೊತ್ತಿಗೆ ಅದನ್ನು ಕುಡಿದು ಮುಗಿಸುತ್ತಿತ್ತು.

"ಇವತ್ತು ಸಂಜೆ ಐದರ ತನಕ ಬಾಳಬೇಕು. ಇಲ್ಲಾಂದ್ರೆ ಯೋಜನೆ ಬಂದ್, ನೀವು ದೂರು ವಿಭಾಗಕ್ಕೆ" ಎಂದಿದ್ದರು ಸಾಹೇಬರು. ದೂರು ವಿಭಾಗವೆಂದರೆ ದಿನವಿಡೀ ಫೋನಿನಲ್ಲಿ ಬೈಸಿಕೊಳ್ಳುವ ಕೆಲಸ.

ಪಾಪ ಎಂಜಿನಿಯರ್, ಹದಿನೈದು ದಿನ ಕೂತು ಸರ್ಕ್ಯೂಟನ್ನೇ ಬದಲಿಸಿದ್ದ. ಯಾರೂ ಮಾತಾಡದಿದ್ದಾಗ ಚಿಪ್‌ನ ಮುಕ್ಕಾಲು ಭಾಗ ನಿದ್ದೆ ಹೋಗಬೇಕು, ಮಾತು ಬಿದ್ದ ಕೂಡಲೇ ಏಳಬೇಕು. ಪರೀಕ್ಷೆಗೆ ನಿಜವಾಗಿ ಕಿವಿ ಮಂದವಾದವರೇ ಬೇಕಿತ್ತು. ಮನೆಯಲ್ಲಿ ಮಾವ ಇದ್ದರು. ನೀವಿನ್ನೂ ಕೋಣೆಯಲ್ಲಿರುವಾಗಲೇ ದೀಪ ಆರಿಸುವ ಮನುಷ್ಯ. ಅಳಿಯನ ಸಂಕಟ ತಿಳಿದದ್ದೇ, "ಕರೆಂಟ್ ಉಳಿಸೋದು ತಾನೇ? ನಾನಿದೀನಿ ಬಿಡಿ ಅಳಿಯಂದ್ರೇ!" ಎಂದರು. ಮೂರು ಮನೆಗೆ ಕೇಳಿಸಿತು. ಅವರ ಪಿಸುಮಾತೇ ಅಷ್ಟು ಜೋರು.

ಒಂಬತ್ತಕ್ಕೆ ಆಫೀಸಿನ ಹಾಲಿನಲ್ಲಿ ಯಂತ್ರ ಮಾವನ ಕಿವಿ ಸೇರಿತು. ಐದರವರೆಗೆ ತೆಗೆದು ನೋಡುವಂತಿಲ್ಲ. ಒಂಬತ್ತೂ ಹತ್ತಕ್ಕೇ ಅಳಿಯ ಮಾವನ ಮುಂದೆ ಬಂದು ನಿಂತ.

"ಮಾವ, ಕೇಳಿಸ್ತಿದ್ಯಾ?"

"ಹೂಂ."

ಒಂಬತ್ತೂವರೆಗೆ ಮತ್ತೆ ಅದೇ ಪ್ರಶ್ನೆ, ಅದೇ ಹೂಂ.

ಪಕ್ಕದ ಮೇಜಿನ ಮೀಟರ್ ಮೇಡಂಗೆ ತಡೆಯಲಾಗಲಿಲ್ಲ. ಬ್ಯಾಟರಿ ಅಳೆಯುವುದು ಅವರ ಕೆಲಸ, ಕಂಡವರನ್ನೆಲ್ಲ ಅಳೆಯುವುದು ಹವ್ಯಾಸ. "ಅಲ್ರೀ, ನೀವು ಕೇಳಿದಾಗೆಲ್ಲ ಅದು ಎದ್ದು ಕೂರುತ್ತೆ. ಬ್ಯಾಟರಿ ತಿಂತಿರೋದೇ ನೀವು!"

ಅಯ್ಯಯ್ಯೋ! ಕೇಳಿದರೆ ಬ್ಯಾಟರಿ ಹೋಗುತ್ತದೆ, ಕೇಳದಿದ್ದರೆ ಇವನ ಜೀವ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. "ಶ್! ಶ್!" ಎನ್ನುತ್ತ ಹಾಲ್ ತುಂಬ ಓಡಾಡಿದ. ಆ 'ಶ್'ಗೂ ಚಿಪ್ ಎದ್ದೀತೆಂದು ಬೆವರಿದ. ಸಹೋದ್ಯೋಗಿಗಳು ಸುಮ್ಮನೆ ಬಿಟ್ಟಾರೆಯೇ? ಒಬ್ಬೊಬ್ಬರಾಗಿ ಬಂದರು.

"ಯಜಮಾನ್ರೇ, ಕಾಫಿನಾ ಟೀನಾ?"

"ಹೂಂ." ಎರಡೂ ಬಂತು.

"ಅಳಿಯ ಜಾಣನಾ, ಪೆದ್ದನಾ?"

"ಹೂಂ."

ಎಲ್ಲರೂ ಗೊಳ್ಳೆಂದು ನಕ್ಕರು. ಅಳಿಯನಿಗೋ, ಪ್ರತಿ ನಗೆಗೂ ಬ್ಯಾಟರಿ ಒಂದು ಗುಟುಕು ಇಳಿದಂತೆ ಅನಿಸಿತು.

ಐದಾಯಿತು. ಮೀಟರ್ ಮೇಡಂ ಬ್ಯಾಟರಿ ತೆಗೆದು ಅಳೆದರು. ನಂಬದೆ ಇನ್ನೊಮ್ಮೆ ಅಳೆದರು. "ನೂರಕ್ಕೆ ತೊಂಬತ್ತೊಂಬತ್ತು ಉಳಿದಿದೆ ಕಣ್ರೀ!"

ಸಾಹೇಬರು ಅವನನ್ನು ತಬ್ಬಿಕೊಂಡರು. ಅಲ್ಲೇ ಮೇಲಿನವರಿಗೆ ಫೋನ್ ಹಚ್ಚಿ, "ಸಾರ್, ಗೆದ್ವಿ! ನಾಳೆಯಿಂದ್ಲೇ ಸಾವಿರ ಯಂತ್ರ ಮಾಡೋಣ" ಎಂದು ಶುರುಮಾಡಿದರು. ಅಳಿಯನ ಕಣ್ಣಲ್ಲಿ ನೀರೇ ಬಂತು.

ಮಾವ ಅವನ ತೋಳು ಹಿಡಿದು ಪಕ್ಕಕ್ಕೆಳೆದರು. ಕಿವಿಯ ಹತ್ತಿರ ಬಾಯಿ ತಂದು, ತಮ್ಮ ಮಟ್ಟಿಗೆ ಬಲು ಗುಟ್ಟಾಗಿ ಹೇಳಿದರು:

"ಅಳಿಯಂದ್ರೇ, ನೀವು ಹದಿನೈದು ದಿನದಿಂದ ಅಷ್ಟು ಒದ್ದಾಡ್ತಿದ್ರಲ್ಲ, ನೋಡಕ್ಕಾಗ್ಲಿಲ್ಲ. ಒಂಬತ್ತೂ ಐದಕ್ಕೇ ಅದರ ಗುಂಡಿ ಒತ್ತಿ ಆರಿಸ್ಬಿಟ್ಟೆ!"

ಹಾಲಿನಲ್ಲಿದ್ದ ನಲವತ್ತು ತಲೆಗಳೂ ಇತ್ತ ತಿರುಗಿದವು. ಸಾಹೇಬರ ಮಾತು ಅರ್ಧಕ್ಕೇ ನಿಂತಿತು. ಅಳಿಯನ ಕಣ್ಣೆದುರು ದೂರು ವಿಭಾಗದ ಖಾಲಿ ಕುರ್ಚಿ ಬಂದು ನಿಂತಿತು.

ಮಾವ ಸುತ್ತಲೂ ಒಮ್ಮೆ ನೋಡಿ, "ಯಾರಿಗೂ ಕೇಳಿಸ್ಲಿಲ್ಲ ತಾನೇ?" ಎಂದರು.

"ಹೂಂ" ಎಂದ ಅಳಿಯ.