ಸಿಪ್ಪೆ, ಕಡ್ಡಿ, ರೊಟ್ಟಿ ಮತ್ತು ಬ್ಯಾಟರಿ

ವಿಜಯಪುರದ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಮಾಸ್ತರ. ಜನ ಚೆಲ್ಲುವ ತಿನಿಸನ್ನು ಗಾಳಿಯಾಡದ ಭಟ್ಟಿಯಲ್ಲಿ ಸುಟ್ಟು, ಉಳಿದ ಕಾರ್ಬನ್ ಪುಡಿಯಿಂದ ಮತ್ತೆ ಮತ್ತೆ ಚಾರ್ಜ್ ಆಗುವ ಬ್ಯಾಟರಿ ಮಾಡುವುದು ನನ್ನ ಸಂಶೋಧನೆ. ಕಸ ಕೇಳಿಕೊಂಡು ತಿರುಗುವ ಮಾಸ್ತರನಿಗೆ ಇಂಥವು ಆಗುತ್ತಲೇ ಇರುತ್ತವೆ.

ಸಿಪ್ಪೆ

ಸಿದ್ಧೇಶ್ವರ ಗುಡಿ ಹತ್ತಿರ ಬಾಳೆಹಣ್ಣು ಮಾರುವ ಮುದುಕಿಯ ಬಳಿ ಹೋಗಿ, ಜನ ತಿಂದು ಬಿಸಾಕಿದ ಸಿಪ್ಪೆ ಬೇಕಾಗಿತ್ತು ಎಂದೆ. ಆಕೆ ನನ್ನ ಇಸ್ತ್ರಿ ಅಂಗಿ ನೋಡಿದಳು, ಕೈಯಲ್ಲಿದ್ದ ಖಾಲಿ ಚೀಲ ನೋಡಿದಳು. ಮನೆಯಲ್ಲಿ ಎಮ್ಮೆ ಕಟ್ಟಿದ್ದೀಯೇನು ಎಂದು ಕೇಳಿದಳು. ಇಲ್ಲ, ನನಗೇ ಬೇಕು ಎಂದೆ. ಆಕೆ ಎರಡು ಹಣ್ಣು ಮುರಿದು ಕೈಗಿಟ್ಟಳು.

"ಸಿಪ್ಪಿ ತಿನಬ್ಯಾಡೋ ಯಪ್ಪಾ. ಹಸಿವಾದ್ರ ಇಲ್ಲಿಗೇ ಬಾ."

ಕಡ್ಡಿ

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಗೊಂಚಲಿನ ಕಡ್ಡಿಯನ್ನೆಲ್ಲ ನೀರೊಲೆಗೆ ಹಾಕುತ್ತಿದ್ದರು. ಒಂದು ಚೀಲ ಬೇಡಿ ತಂದು ಸುಟ್ಟು ಪುಡಿ ಮಾಡಿದೆ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಅದನ್ನು ಹಿಗ್ಗಿಸಿ ನೋಡಿದೆ. ಕಣ್ಣಿಗೆ ಕಾಣದಂಥ ಚೂರಿನೊಳಗೆ ಗವಿಯ ಹಿಂದೆ ಗವಿ, ಓಣಿಯೊಳಗೆ ಓಣಿ. ವ್ಯಾಪಾರಿಯನ್ನು ಕರೆಸಿದೆ. ಅವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು. ಇಷ್ಟು ತೂತಿದ್ದರೆ ಇದರಲ್ಲಿ ಏನು ನಿಂತೀತು ಎಂದು ಕೇಳಿದರು. ಆ ತೂತುಗಳಲ್ಲೇ ಚಾರ್ಜ್ ನಿಲ್ಲುವುದು ಎಂದೆ.

"ಹಂಗಾರ ಸೋರೂ ನಮ್ಮ ಮಾಳಗಿನೂ ಬ್ಯಾಟರಿನೇ ಬಿಡ್ರಿ."

ರೊಟ್ಟಿ

ಬಬಲೇಶ್ವರದ ನಮ್ಮ ದೊಡ್ಡವ್ವ ಒಮ್ಮೆ ನನ್ನ ಭಟ್ಟಿಗೆಂದು ಮುಗ್ಗಿದ ಜೋಳದ ರೊಟ್ಟಿ ಕಟ್ಟಿ ಕಳಿಸಿದ್ದಳು. ಅದರಿಂದ ಮಾಡಿದ, ಅಂಗಿ ಗುಂಡಿಯಷ್ಟಗಲದ ಬ್ಯಾಟರಿಗಳು ಮೊದಮೊದಲು ಚಾರ್ಜ್ ಹಿಡಿಯಲೇ ಇಲ್ಲ. ಕೆಲಸ ಕೈಬಿಡುವ ಮನಸ್ಸಾಗಿತ್ತು. ಕೊನೆಗೆ ಭಟ್ಟಿಯ ಕಾವು ಏರಿಸಿ ಇನ್ನಷ್ಟು ಸುಟ್ಟೆ. ಹಿಡಿದವು.

ತೋರಿಸದೆ ಇರಲಾಗಲಿಲ್ಲ, ನೇರ ಬಬಲೇಶ್ವರಕ್ಕೆ ಹೋದೆ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು, ದೊಡ್ಡಪ್ಪ ತಟ್ಟೆ ಮುಂದೆ ಕುಳಿತಿದ್ದರು. ಅಡುಗೆಮನೆಯ ಕಿಟಕಿ ಮುಚ್ಚಿ, ಎರಡು ಬ್ಯಾಟರಿ ಜೋಡಿಸಿ, ಸಣ್ಣ ದೀಪಕ್ಕೆ ತಂತಿ ಮುಟ್ಟಿಸಿದೆ. ಕೆಂಪಗೆ ಹತ್ತಿತು. ಇದು ನೀ ಕಳಿಸಿದ ರೊಟ್ಟಿ ಎಂದೆ. ದೊಡ್ಡವ್ವ ಹಿಟ್ಟಿನ ಕೈಗಳನ್ನೇ ಜೋಡಿಸಿದಳು.

ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಕಲಾಯಿತು. ಆಕೆ ಅದನ್ನೇ ತೆಗೆದು ತಟ್ಟೆಗೆ ಹಾಕಿದಳು. ಇದನ್ನು ತಿನ್ನುವುದು ಹೇಗೆ ಎಂದು ದೊಡ್ಡಪ್ಪ ಗೊಣಗಿದರು.

ದೊಡ್ಡವ್ವ ದೀಪದಿಂದ ಕಣ್ಣು ಕೀಳದೆ ಹೇಳಿದಳು: "ಸುಮ್ನ ತಿನ್ರಿ. ಚಾರ್ಜ್ ಆಗ್ತೀರಿ."