ನಾಲ್ಕನೆಯವರು ಬೇಕಾಗಿದ್ದಾರೆ

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು ಸುಮ್ಮನಾಗಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. “ಒಬ್ಬರೇ ಕೂತಿರಬೇಡಿ ಸುಬ್ಬರಾಯಪ್ಪನೋರೆ. ಜನರ ಜೊತೆ ಮಾತಾಡ್ತಾ ವಾಕಿಂಗ್ ಮಾಡಿ. ಹಾರ್ಟಿಗೆ ಅದೂ ಔಷಧಿನೇ,” ಎಂದುಬಿಟ್ಟರು.

ಮಾತ್ರೆಯೇನೋ ಹಿಂದೂಪುರದ ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತದೆ. ಜನ ಎಲ್ಲಿ ಸಿಗುತ್ತಾರೆ? ಸುಬ್ಬರಾಯಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವೆ ಜೀವಮಾನವೆಲ್ಲ ಜನರ ಮೊಣಕೈ ತಿವಿತ ತಿಂದುಕೊಂಡು ನಿಂತಿದ್ದ. ಆಗ, “ಎಲ್ಲಿಂದ ಬತ್ತೀರಪ್ಪ ಇಷ್ಟು ಜನ!” ಎಂದು ಬೈಯುತ್ತಿದ್ದ. ಈಗ ರಿಟೈರ್ ಆಗಿ, ಹೆಂಡತಿಯೂ ತೀರಿಕೊಂಡು, ಮಕ್ಕಳಿಲ್ಲದ ಬಾಡಿಗೆ ಮನೆಯಲ್ಲಿ ತರಕಾರಿ ಗಾಡಿಯವನು ಕೂಗಿದರೂ ತನ್ನನ್ನೇ ಕರೆದನೇನೋ ಎಂದು ಬಾಗಿಲಿಗೆ ಓಡುತ್ತಿದ್ದ.

ಅದೇ ಬೀದಿಯ ಸೀತಾರಾಮಪ್ಪ, ಆದಿನಾರಾಯಣ ಇಬ್ಬರೂ ದಿನಾ ಸಂಜೆ ಜೋಡೆತ್ತಿನ ಹಾಗೆ ವಾಕಿಂಗ್ ಹೋಗುತ್ತಿದ್ದರು. ಸುಬ್ಬರಾಯಪ್ಪ ಬೆಳಿಗ್ಗೆಯೇ ಅವರನ್ನು ಹಿಡಿದ.

“ಇವತ್ತಿಂದ ನಾನೂ ನಿಮ್ಮ ಜೊತೆ ಬತ್ತೀನಿ ಕಣಪ್ಪ.”

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಬರೋದೇನೋ ಬಾ. ಆದ್ರೆ ಮೂರು ಜನ ಆಯ್ತೀವಲ್ಲ,” ಎಂದ ಸೀತಾರಾಮಪ್ಪ. “ಮೂರು ಜನ ಒಟ್ಟಿಗೆ ಹೊರಟ್ರೆ ಹೋದ ಕೆಲ್ಸ ಕೆಡ್ತದೆ.”

“ವಾಕಿಂಗಲ್ಲಿ ಕೆಡಾಕೆ ಏನೈತಪ್ಪ?”

“ನನ್ನ ಮಂಡಿ ಐತೆ,” ಎಂದ ಆದಿನಾರಾಯಣ. “ಇನ್ನೊಬ್ರನ್ನ ಹುಡುಕ್ಕ. ನಾಲ್ಕು ಜನ ಆದ್ರೆ ದೋಷ ಇಲ್ಲ. ಸಂಜೆ ಐದಕ್ಕೆ ನಿನ್ನ ಮನೆ ಹತ್ರ ಬತ್ತೀವಿ, ಅಲ್ಲಿಂದಾನೇ ಹೊರಡಾನ.”

ಸುಬ್ಬರಾಯಪ್ಪ ನಾಲ್ಕನೆಯವನನ್ನು ಹುಡುಕಲು ಹೊರಟ. ಮೊದಲು ಕಿರಾಣಿ ಅಂಗಡಿ ರುದ್ರಮುನಿಯ ಹತ್ತಿರ ಹೋಗಿ, “ಸಂಜೆ ಐದಕ್ಕೆ...” ಎನ್ನುವಷ್ಟರಲ್ಲಿ ಅವನು, “ಏನಾದ್ರೂ ತಗೋತೀರಾ? ಇಲ್ಲಾಂದ್ರೆ ಪಕ್ಕಕ್ಕೆ ನಿಂತ್ಕಳಿ, ಗಿರಾಕಿ ಬತ್ತಾವ್ರೆ,” ಎಂದ. ಸುಬ್ಬರಾಯಪ್ಪ ಪಕ್ಕಕ್ಕೆ ನಿಂತು ನಿಂತು, ಕೊನೆಗೆ ಮೂಲೆಯಲ್ಲಿ ಹೂವು ಮಾರುವ ಚೌಡಕ್ಕನ ಬಳಿ ಬಂದ. ಅವಳಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ.

“ಚೌಡಕ್ಕ, ಸಂಜೆ ಐದಕ್ಕೆ ನಮ್ಮನೆಯಿಂದ ಹೊರಡ್ಬೇಕು. ಮೂರು ಜನ ಆಗಿದ್ದೀವಿ. ಇನ್ನೊಬ್ರು ಗಂಡಸ್ರು ಸಾಕು. ಹಾರ್ಟ್ ವಿಷ್ಯ ಕಣಮ್ಮ, ತಪ್ಪಿಸಂಗಿಲ್ಲ. ಯಾರಾದ್ರೂ ಸಿಕ್ಕಿದ್ರೆ ಕಳ್ಸು.”

“ಸರೇ ಸರೇ,” ಎಂದಳು ಚೌಡಕ್ಕ, ಮಲ್ಲಿಗೆ ಮೊಳ ಹಾಕುತ್ತ.

ಅವಳು ಮಾತು ತಪ್ಪುವವಳಲ್ಲ. ಮಧ್ಯಾಹ್ನ ಸಕ್ಕರೆ ತರಲು ಹೋದಾಗ ರುದ್ರಮುನಿಗೆ ಹೇಳಿಯೇಬಿಟ್ಟಳು. “ಸುಬ್ಬರಾಯಪ್ಪನ ಮನೆಯಿಂದ ಐದಕ್ಕೆ ಹೊರಡ್ತದಂತೆ. ಹಾರ್ಟಂತೆ. ಮೂರು ಜನ ಆಗವ್ರಂತೆ, ನಾಲ್ಕನೇಯೋರು ಬೇಕಂತೆ.”

ರುದ್ರಮುನಿಯ ಕೈಯಲ್ಲಿದ್ದ ಸಕ್ಕರೆ ಪೊಟ್ಟಣ ಜಾರಿತು. “ಅಯ್ಯೋ ಶಿವನೇ! ಯಾರು ಹೋಗ್ಬುಟ್ರು?”

“ಅದನ್ನ ಹೇಳ್ಲಿಲ್ಲ ಕಣಪ್ಪ.”

“ಆ ಮನೇಲಿ ಇರೋನೇ ಅವನೊಬ್ಬ. ಇನ್ಯಾರಮ್ಮ ಸಾಯ್ತಾರೆ?”

ಚೌಡಕ್ಕನಿಗೂ ಹೌದೆನ್ನಿಸಿತು. “ಅಯ್ಯೋ ಪಾಪಂ! ಬೆಳಗ್ಗೆ ತಾನೇ ಬಂದು ಮಾತಾಡ್ಸಿದ. ತನ್ನ ಹೊರಾಕೆ ತಾನೇ ಜನ ಹೊಂದುಸ್ತಾ ಇದ್ದನಲ್ಲ ಮಹಾರಾಯ!” ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಇತ್ತ ಮಹಾರಾಯ ಮುದ್ದೆ ಉಂಡು, ನೊಣ ಕೂರದಿರಲೆಂದು ಮುಖದ ಮೇಲೆ ಟವೆಲು ಎಳೆದುಕೊಂಡು ಮಂಚದ ಮೇಲೆ ಮಲಗಿದ್ದ. ಪಕ್ಕದ ಮನೆ ಮುನೆಮ್ಮ ಕಿಟಕಿಯಲ್ಲಿ ಇಣುಕಿ ನೋಡಿ, “ನಿಜ ಕಣ್ರಪ್ಪ, ಮುಸುಕೂ ಹಾಕ್ಬುಟ್ಟವ್ರೆ,” ಎಂದು ಬೀದಿಗೆಲ್ಲ ಖಾತ್ರಿ ಮಾಡಿದಳು. ಕಲ್ಯಾಣದುರ್ಗದಲ್ಲಿ ಅವನ ಭಾವಮೈದ ಇದ್ದಾನೆ, ಅವನು ಬರುವ ತನಕ ಯಾರೂ ಮುಟ್ಟಕೂಡದು ಎಂದು ರುದ್ರಮುನಿ ಹೇಳಿದ್ದರಿಂದ ಯಾರೂ ಒಳಗೆ ಕಾಲಿಡಲಿಲ್ಲ.

ಐದರ ಹೊತ್ತಿಗೆ ಸುಬ್ಬರಾಯಪ್ಪನಿಗೆ ಎಚ್ಚರವಾಯಿತು. ಹೊರಗೆ ಜನ! ಗಂಡಸರು, ಹೆಂಗಸರು, ಕೆಮ್ಮು, ಪಿಸುಮಾತು. ಹೆಂಡತಿ ಹೋದ ಮೇಲೆ ಆ ಅಂಗಳದಲ್ಲಿ ಇಷ್ಟು ದನಿ ಅವನು ಕೇಳಿರಲಿಲ್ಲ. ಚೌಡಕ್ಕನಿಗೆ ಒಬ್ಬರನ್ನು ಕಳಿಸು ಅಂದರೆ ಬೀದಿಯನ್ನೇ ಕಳಿಸಿದ್ದಾಳಲ್ಲ ಎಂದು ಸಂತೋಷಪಟ್ಟ. ಇನ್ನೊಂದು ಗಳಿಗೆ ಕೇಳೋಣವೆಂದು ಹಾಗೇ ಮಲಗಿದ.

“ಮಂಚಿ ಮನಿಷಿ,” ಎಂದು ತೆಲುಗಿನಲ್ಲಿ ಹೊಗಳಿತು ಒಂದು ದನಿ.

“ಮೂರು ಜನ ಆದ್ರೆ ಕೆಡ್ತದೆ ಅಂದೆ. ಕೇಳ್ಲಿಲ್ಲ, ನೋಡಿ ಹೆಂಗಾಯ್ತು!” ಇದು ಸೀತಾರಾಮಪ್ಪ.

“ಬಲು ಒಳ್ಳೇನು ಬಿಡಿ. ಏನ್ ಕೆಲ್ಸ ಮಾಡ್ತಿದ್ದ?”

“ಪೋಸ್ಟಾಫೀಸಲ್ಲಿ ಇದ್ದ ಅಂತ ಕಾಣ್ತದೆ.”

“ಬಸ್ ಕಂಡಕ್ಟ್ರು ಕಣ್ರೋ!” ಸುಬ್ಬರಾಯಪ್ಪನಿಗೆ ತಡೆಯಲಾಗಲಿಲ್ಲ.

ತಲೆಯ ಮೇಲೆ ಟವೆಲು ಹೊದ್ದುಕೊಂಡೇ ಅವನು ಬಾಗಿಲು ತೆಗೆದ. ಮುನೆಮ್ಮ ಕಿಟಾರನೆ ಕಿರುಚಿದಳು. ರುದ್ರಮುನಿ ಹೆಣಕ್ಕೆಂದು ತಂದಿದ್ದ ಹಾರವನ್ನು ಬಿಸಾಕಿ ಚೌಡಕ್ಕನ ಹಿಂದೆ ಬಚ್ಚಿಟ್ಟುಕೊಂಡ. ಮೂರು ಜನ, ನಾಲ್ಕು ಜನ, ವಾಕಿಂಗು ಎಂದು ಸುಬ್ಬರಾಯಪ್ಪ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ಎಲ್ಲರೂ ಸೇರಿ ಅವನಿಗೆ ಉಗಿದರು. ಉಗಿದಿದ್ದೂ ಅವನಿಗೆ ಹಿತವಾಗಿಯೇ ಇತ್ತು.

ಕೊನೆಗೆ ಮುನೆಮ್ಮನೇ ನಕ್ಕಳು. “ಹೋಗ್ಲಿ ಬಿಡ್ರಪ್ಪ, ಒಳ್ಳೇದೇ ಆಯ್ತು. ಬದುಕಿರೋನ್ನ ಸತ್ತ ಅಂತ ಸುದ್ದಿ ಹಬ್ಸಿದ್ರೆ ಆಯುಸ್ಸು ಬೆಳೀತದೆ. ಇನ್ನು ಇಪ್ಪತ್ತು ವರ್ಷ ಇವನ ತಂಟೆಗೆ ಯಮನೂ ಬರಲ್ಲ!”

ಎಲ್ಲರೂ ಹೌದು ಹೌದೆಂದರು. ರುದ್ರಮುನಿ ಅಂಗಿ ಕೊಡವಿಕೊಂಡ. “ಹೆಂಗೂ ಅಂಗಡಿ ಮುಚ್ಚಿ ಬಂದೀನಿ. ನಡೀರಿ, ನಾವೂ ಒಂದು ಸುತ್ತು ವಾಕಿಂಗ್ ಹೋಗ್ಬರಾನ. ನಮ್ಗೂ ಹಾರ್ಟ್ ಐತೆ.”

ಜನವೆಲ್ಲ ಉತ್ಸಾಹದಿಂದ ಎದ್ದಿತು. ಸುಬ್ಬರಾಯಪ್ಪ ಒಳಗೆ ಓಡಿಹೋಗಿ ಚಪ್ಪಲಿ ಹಿಡಿದುಕೊಂಡು ಬಂದ.

“ನೀನೆಲ್ಲಿಗಪ್ಪ?” ಎಂದ ಸೀತಾರಾಮಪ್ಪ.

“ವಾಕಿಂಗಿಗೆ!”

“ಚೆನ್ನಾಯ್ತು! ಸತ್ತ ಸುದ್ದಿ ಎದ್ದ ದಿನ ಹೊಸ್ತಿಲು ದಾಟ್ತಾರಾ? ತಲೆಗೆ ನೀರು ಹಾಕ್ಕಂಡು ದೀಪ ಹಚ್ಚಿ ಒಳಗೆ ಕೂತ್ಕ.”

“ಹಂಗಾದ್ರೆ ನಾಳೆ ಬತ್ತೀನಿ.”

“ನಾಳೆ ತಾನೇ ಯಾಕೆ?” ಆದಿನಾರಾಯಣ ಪ್ರೀತಿಯಿಂದ ಅವನ ಭುಜ ತಟ್ಟಿದ. “ವಾಕಿಂಗು ನಮ್ಮಂಥ ಆಯುಸ್ಸು ಕಮ್ಮಿ ಇರೋರಿಗೆ. ನಿಂದು ಗಟ್ಟಿ ಆಯ್ತಲ್ಲ. ಅದೃಷ್ಟವಂತ ಕಣಯ್ಯ ನೀನು!”

ಎಲ್ಲರೂ ಹೊರಟರು. ಮುನೆಮ್ಮನೂ ಹೋದಳು, ಚೌಡಕ್ಕನೂ ಬುಟ್ಟಿ ಎತ್ತಿಕೊಂಡು ಹೋದಳು. ಅವರ ನಗು ಬೀದಿಯ ತಿರುವಿನ ತನಕ ಕೇಳಿಸಿತು, ಆಮೇಲೆ ಅದೂ ನಿಂತಿತು. ಸುಬ್ಬರಾಯಪ್ಪ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲ ಒಳಗೆ ಕುಕ್ಕರಿಸಿದ.

“ಇನ್ನೂ ಇಪ್ಪತ್ತು ವರ್ಷ!” ಎಂದ. “ಅಷ್ಟು ವರ್ಷ ಯಾರ ಜೊತೆ ಕಳೀಲಿ?”

ಜೋರಾಗಿಯೇ ಕೇಳಿದ. ಉತ್ತರ ಹೇಳಲು ಬೀದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ.